ದಸರಾಕ್ಕೆ ಮುಂಚೆ ಬಣ್ಣ ಬಳಿಸಬೇಕೇ, ಸೋರಿಕೆ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮಾವನವರು 1986ರಲ್ಲಿ ಕಟ್ಟಿಸಿದ ಮನೆ. 2009ರಲ್ಲಿ ಮೇಲೆ ಅರ್ಧ ಭಾಗಕ್ಕೆ ಎರಡು ರೂಮು, ಒಂದು ಬಾತ್‌ರೂಮು ಹಾಕಿಸಿದೆವು. ಉಳಿದರ್ಧ ತೆರೆದ ತಾರಸಿ. ಈಗ ಕೆಳಗಿನ ಪೂರ್ವದ ಕೋಣೆಯ ಚಾವಣಿ ಮೂಲೆಯಲ್ಲಿ ಕಂದು ಕಲೆ ಬಂದಿದೆ. ಅದೇ ಕೋಣೆಯ ಕಿಟಕಿಯ ಕೆಳಗೆ ಗೋಡೆ ತೇವ. ದೇವರಮನೆ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ದಸರಾಕ್ಕೆ ಮೂರು ವಾರ ಉಳಿದಿದೆ, ಗೊಂಬೆ ಕೂರಿಸುವುದು ಆ ಪೂರ್ವದ ಕೋಣೆಯಲ್ಲೇ. ತೇವ ತಡೆಯುವ ಬಣ್ಣ ಎರಡು ಕೋಟು ಹೊಡೆದರೆ ಸಾಕು ಎನ್ನುತ್ತಾರೆ ಪೇಂಟರ್. ತಾರಸಿಗೆ ಟೈಲ್ಸ್ ಹಾಕಿಸಿ ಎನ್ನುತ್ತಾರೆ ಮೇಸ್ತ್ರಿ. ಪಕ್ಕದ ಮನೆಯವರು ಗೋಡೆಗೆ ಇಂಜೆಕ್ಷನ್ ಕೊಡಿಸಿದ್ದಾರೆ, ನಮಗೂ ಅದನ್ನೇ ಹೇಳುತ್ತಾರೆ. ಹಬ್ಬಕ್ಕೆ ಮನೆಗೆ ಬಣ್ಣ ಆಗದೆ ಇರಬಾರದು ಎಂಬುದು ಮಾವನವರ ಹಟ. ಕೈಯಲ್ಲಿರುವುದು ಒಂದು ಲಕ್ಷ. ಯಾವುದಕ್ಕೆ ಖರ್ಚು ಮಾಡಲಿ? ಮಂಡ್ಯದ ಹತ್ತಿರ ಹಳ್ಳಿಯಲ್ಲಿರುವ ಅಮ್ಮನ ಹೆಂಚಿನ ಮನೆಯಲ್ಲೂ ಗೋಡೆ ಬುಡ ಒದ್ದೆ. ಅದಕ್ಕೂ ಒಂದು ಮಾತು ಹೇಳಿ.

ಉತ್ತರ: ಹಳೆ ಮನೆಗಳ ರಿಪೇರಿಯೇ ನನ್ನ ಕಸುಬು. ಸೆಪ್ಟೆಂಬರ್ ಬಂತೆಂದರೆ ಮೈಸೂರಿನ ಅರ್ಧ ಮನೆಗಳಿಂದ ಇದೇ ಪ್ರಶ್ನೆ ಬರುತ್ತದೆ. ಮೂರು ಜನ ಮೂರು ಸಲಹೆ ಕೊಟ್ಟಿದ್ದಾರೆ, ನಿಮ್ಮ ಮನೆಯಲ್ಲಿರುವ ಕಲೆಗಳೂ ಮೂರು. ಎಲ್ಲವೂ ಒಂದೇ ರೋಗ ಅಂದುಕೊಂಡು ಒಂದೇ ಮದ್ದು ಹುಡುಕುತ್ತಿರುವುದರಿಂದ ಗೊಂದಲವಾಗಿದೆ. ನೀವು ಬರೆದಿರುವುದನ್ನು ನೋಡಿದರೆ ಮೂರು ಕಡೆಯೂ ನೀರು ಬೇರೆ ಬೇರೆ ದಾರಿಯಲ್ಲಿ ಬರುತ್ತಿದೆ. ಈ ಮೂರು ವಾರದಲ್ಲಿ ಆ ದಾರಿ ಕಂಡುಹಿಡಿದು ಮುಚ್ಚಿ. ಒದ್ದೆಯಾದ ಗೋಡೆಗಳ ಬಣ್ಣ ಸಂಕ್ರಾಂತಿ ಕಳೆದ ಮೇಲಿರಲಿ. ಮಾವನವರ ಹಟಕ್ಕೂ ಒಂದು ದಾರಿಯಿದೆ, ಮುಂದೆ ಹೇಳುತ್ತೇನೆ.

ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ಮಳೆ ಮುಗಿಯಿತು ಎಂಬ ನಂಬಿಕೆ ನಮ್ಮೂರಲ್ಲಿ ಗಟ್ಟಿಯಾಗಿದೆ. ಲೆಕ್ಕ ಅದಕ್ಕೆ ತದ್ವಿರುದ್ಧ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಕಾಣುವ ಮೈಸೂರಿಗೆ ಜೂನ್, ಜುಲೈ ದೊಡ್ಡ ಮಳೆಯ ತಿಂಗಳುಗಳಲ್ಲ. ಕೊಡಗಿನಲ್ಲಿ ಧೋ ಎಂದು ಸುರಿಯುವ ಮಳೆ ನಮಗೆ ಜಿಟಿಜಿಟಿಯಾಗಿ ತಲುಪುತ್ತದೆ. ಇಲ್ಲಿ ನಿಜವಾಗಿ ನೀರು ಬೀಳುವುದು ಮೇ ತಿಂಗಳಲ್ಲಿ, ಬಿಟ್ಟರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮಂಡ್ಯದ ಕಥೆಯೂ ಅದೇ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಇನ್ನೂ ಬಾಕಿ ಇವೆ. ಉತ್ತರೆ ಸೆಪ್ಟೆಂಬರ್ ಮಧ್ಯಕ್ಕೆ ಹುಟ್ಟಿದರೆ ಸ್ವಾತಿ ಮುಗಿಯುವುದು ನವೆಂಬರ್ ಮೊದಲ ವಾರಕ್ಕೆ. ಜಂಬೂ ಸವಾರಿಗೆ ಛತ್ರಿ ಹಿಡಿದು ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಶರತ್ಕಾಲದ ಮಳೆಯ ಸ್ವಭಾವವೂ ಬೇರೆ. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬರುತ್ತದೆ. ಅಕ್ಟೋಬರ್ ಮಧ್ಯದ ನಂತರ ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ. ಮಧ್ಯಾಹ್ನದವರೆಗೆ ಸುಡು ಬಿಸಿಲು, ಸಂಜೆಗೆ ಗುಡುಗು ಸಹಿತ ಒಂದೇ ತಾಸಿನ ಜಡಿಮಳೆ. ಜುಲೈನಲ್ಲಿ ಬೆಚ್ಚಗಿದ್ದ ಪೂರ್ವದ ಗೋಡೆ ಅಕ್ಟೋಬರಿನಲ್ಲಿ ನೆನೆಯುವುದು ಇದರಿಂದ. ತಾರಸಿಗೆ ಬೀಳುವ ನೀರು ಎಷ್ಟು ಅಂತೀರಿ? ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 1,200 ಚದರಡಿ ತಾರಸಿಗೆ 50 ಮಿಲಿಮೀಟರ್ ಬಿದ್ದರೆ ಐದೂವರೆ ಸಾವಿರ ಲೀಟರ್, ಸಾಮಾನ್ಯ ಟ್ಯಾಂಕರಿನಷ್ಟು ನೀರು. ಅದಷ್ಟೂ ಒಂದು ಗಂಟೆಯೊಳಗೆ ಇಳಿಯಬೇಕು. ಎಂಬತ್ತರ ದಶಕದ ಮನೆಗಳಲ್ಲಿ ಇದಕ್ಕೆ ಇಟ್ಟಿರುವುದು ಮೂರು ಇಂಚಿನ ಒಂದೇ ಪೈಪು, ಅದರ ಬಾಯಿಗೆ ತೆಂಗಿನ ಸಿಪ್ಪೆಯ ನಾರು, ಒಣಗಿದ ಎಲೆ! ಮೊದಲ ಕೆಲಸವಾಗಿ ನೀವೇ ಮೇಲೆ ಹೋಗಿ ಪೈಪಿನ ಬಾಯಿ ನೋಡಿ. ಕಸ ತೆಗೆದು ಜಾಲರಿ ಹಾಕಿಸಿ. ಆ ಗಾತ್ರದ ತಾರಸಿಗೆ ನಾಲ್ಕಿಂಚಿನ ಪೈಪು ಕನಿಷ್ಠ ಎರಡಿರಬೇಕು. ಮಳೆ ನಿಂತು ಅರ್ಧ ಗಂಟೆಯಾದರೂ ನೀರು ಮಡುಗಟ್ಟಿದ್ದರೆ ಅಲ್ಲಿ ವಾಟ ಸರಿಯಿಲ್ಲ. ಹತ್ತು ಅಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು ಇಳಿಜಾರು ಬೇಕು. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಪೈಪು ಸರಿಮಾಡಿದ್ದಕ್ಕೇ ಸೋರಿಕೆ ಅರ್ಧ ನಿಂತಿದೆ.

ಈಗ ಚಾವಣಿಯ ಕಲೆ. ಕಲೆಯ ನೇರ ಮೇಲೆಯೇ ಬಿರುಕಿರುತ್ತದೆ ಎಂದು ಅಲ್ಲಿ ಅಗೆಯಲು ಹೊರಡುವವರಿದ್ದಾರೆ. ನೀರು ಸ್ಲ್ಯಾಬಿನೊಳಗೆ ಇಳಿಜಾರು ಹಿಡಿದು, ಕೆಲವೊಮ್ಮೆ ಕರೆಂಟಿನ ಪೈಪು ಹಿಡಿದು ಆರೇಳು ಅಡಿ ನಡೆದು ಎಲ್ಲೋ ತೊಟ್ಟಿಕ್ಕುತ್ತದೆ. ನಿಮ್ಮ ಮನೆಯಲ್ಲಿ ನನ್ನ ಮೊದಲ ಅನುಮಾನ 2009ರ ರೂಮಿನ ಗೋಡೆ ಹಳೆ ತಾರಸಿಗೆ ಕೂಡುವ ಜಾಗದ ಮೇಲೆ. ಹಳೆ ಕಾಂಕ್ರೀಟು, ಹೊಸ ಗೋಡೆ ಎರಡೂ ಬಿಸಿಲಿಗೆ ಒಂದೇ ಥರ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆ ಮೂಲೆಯನ್ನು ಗುಂಡಗೆ ತಿದ್ದಿ ಮೇಲಕ್ಕೆ ಒಂದಡಿಯವರೆಗೆ ವಾಟರ್‌ಪ್ರೂಫಿಂಗ್ ಎಳೆಯದಿದ್ದರೆ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಎರಡನೆಯ ಅನುಮಾನ ಮೇಲಿನ ಬಾತ್‌ರೂಮು.

ಇದನ್ನು ಪತ್ತೆಮಾಡಲು ದುಬಾರಿ ಯಂತ್ರ ಬೇಡ. ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಮಳೆ ಬಂದ ಒಂದೆರಡು ತಾಸಿಗೆ ಕಲೆ ಗೆರೆ ದಾಟಿದರೆ ನೇರ ಬಿರುಕು. ಮರುದಿನ, ಅದರ ಮರುದಿನ ದಾಟಿದರೆ ತಾರಸಿಯ ಮೇಲ್ಪದರ ನೀರು ಕುಡಿದು ಕೂತಿದೆ. ವಾರವಿಡೀ ಮಳೆಯಿಲ್ಲದಿದ್ದರೂ ಹಿಗ್ಗುತ್ತಿದ್ದರೆ ಪೈಪು ಅಥವಾ ಬಾತ್‌ರೂಮು. ಆಗ ರಾತ್ರಿ ನಲ್ಲಿಗಳನ್ನೆಲ್ಲ ಬಂದ್ ಮಾಡಿ ಓವರ್‌ಹೆಡ್ ಟ್ಯಾಂಕಿನ ಮಟ್ಟ ಗುರುತು ಹಾಕಿ, ಬೆಳಿಗ್ಗೆ ನೋಡಿ. ಮಟ್ಟ ಇಳಿಯದೆಯೂ ಕಲೆ ಬೆಳೆಯುತ್ತಿದ್ದರೆ ನೀರು ಬಿಡುವ ಪೈಪಿನ ತಪ್ಪಲ್ಲ, ಹೊರಹೋಗುವ ಪೈಪೋ ನೆಲದ ಟೈಲ್ಸ್ ಸಂದೋ ಇರಬೇಕು.

ತಾರಸಿಗೆ ಇರುವ ದಾರಿಗಳು ಹಲವು, ಒಂದೊಂದಕ್ಕೂ ಒಂದೊಂದು ಅಪಾಯ. ಮೇಸ್ತ್ರಿ ಹೇಳಿದ ಟೈಲ್ಸ್ ನೋಡಲು ಚೆಂದ, ಕಾಲಿಗೆ ತಂಪು, ಆದರೆ ಅದೊಂದರಿಂದಲೇ ನೀರು ನಿಲ್ಲುವುದಿಲ್ಲ. ಸಂದಿಯಲ್ಲಿ ಇಳಿದ ನೀರು ಟೈಲ್ಸಿನ ಅಡಿಯಲ್ಲಿ ಸಿಕ್ಕಿಕೊಂಡು ಮಳೆ ಹೋದ ಮೇಲೂ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತದೆ, ಬಿರುಕು ಹುಡುಕಲು ಆಮೇಲೆ ಎಲ್ಲ ಕೀಳಬೇಕು. ಅಡಿಯಲ್ಲಿ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್ ಹಾಕಿದರೆ ತಕರಾರಿಲ್ಲ. ಇಟ್ಟಿಗೆ ಜಲ್ಲಿ ಹಾಕಿ ಹೊಸದಾಗಿ ವಾಟ ಕೊಡುವುದು ಹಳೆಯ, ಒಳ್ಳೆಯ ಪದ್ಧತಿ. ಅದಕ್ಕೆ ತೂಕವಿದೆ. ನಾಲ್ಕಿಂಚು ದಪ್ಪಕ್ಕೆ ಚದರ ಮೀಟರಿಗೆ ಹೆಚ್ಚುಕಡಿಮೆ 180 ಕಿಲೋ. ಸುಮಾರು ನಾಲ್ಕು ದಶಕದ ಸ್ಲ್ಯಾಬಿನ ಮೇಲೆ ಅದನ್ನು ಹೇರುವ ಮುಂಚೆ ಒಬ್ಬ ಎಂಜಿನಿಯರಿಗೆ ತೋರಿಸಿ. ಕೆಳಗೆ ಎಲ್ಲಾದರೂ ಗಾರೆ ಉದುರಿ ಕಬ್ಬಿಣ ಕಾಣುತ್ತಿದ್ದರಂತೂ ಖಂಡಿತ ಬೇಡ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತಿರುತ್ತದೆ. ಅಲ್ಲಿ ಬಣ್ಣ, ಲೇಪದ ಮಾತಿಗೆ ಮುಂಚೆ ಕಂಬಿಯ ಚಿಕಿತ್ಸೆ ಆಗಬೇಕು.

ಇನ್ನು ಬ್ರಷ್ಷಿನಲ್ಲಿ ಹಚ್ಚುವ ಲೇಪಗಳು. ಸಿಮೆಂಟಿಗೆ ಪಾಲಿಮರ್ ಬೆರೆಸಿ ಹಚ್ಚುವಂಥದ್ದು ತುಸು ತೇವದ ಮೇಲೂ ಹಿಡಿಯುತ್ತದೆ, ಹಚ್ಚಿದ ಮೇಲೆ ಕೆಲವು ತಾಸು ಮಳೆ ಬೀಳಬಾರದಷ್ಟೇ. ರಬ್ಬರಿನಂತೆ ಎಳೆಯಬಹುದಾದ ಪಿಯು ಲೇಪ, ಟಾರ್ ಶೀಟು ಇವಕ್ಕೆ ತಾರಸಿ ಪೂರ್ತಿ ಒಣಗಿರಬೇಕು. ಒದ್ದೆಯ ಮೇಲೆ ಹಾಕಿದರೆ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಹಪ್ಪಳದ ಹಾಗೆ ಉಬ್ಬಿಸಿಬಿಡುತ್ತದೆ. ಹಾಗಾಗಿ ಈಗ ಆ ಕೂಡುಮೂಲೆಯನ್ನೂ ಪೈಪಿನ ಬಾಯಿಯ ಸುತ್ತಲನ್ನೂ ಮಾತ್ರ ಹಳೆ ಗಾರೆ ಕೆತ್ತಿ, ಬಿರುಕು ತುಂಬಿ, ಪಾಲಿಮರ್ ಸಿಮೆಂಟಿನಿಂದ ಎರಡು ಕೋಟು ಮುಚ್ಚಿಸಿ. ಎರಡು ಕೋಟಿನ ನಡುವೆ ಫೈಬರ್ ಬಲೆ ಕೂರಿಸಲಿ. ಇಡೀ ತಾರಸಿಯ ಕೆಲಸ ಫೆಬ್ರವರಿಗಿರಲಿ. ಹಬ್ಬದ ಆತುರ ನೋಡಿ ಇಡೀ ತಾರಸಿಗೆ ಒಂದೇ ದಿನದಲ್ಲಿ ಮಾಡಿಕೊಡುತ್ತೇವೆ ಎಂದು ಬರುವವರನ್ನು ಕಾಫಿ ಕೊಟ್ಟು ಕಳಿಸಿ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಬೆರೆಸುವುದು ಈ ಆತುರದ ಕೆಲಸದಲ್ಲೇ. ಕಲಸುವಾಗ ಮನೆಯವರೊಬ್ಬರು ಅಲ್ಲಿ ನಿಂತಿರುವುದು ಲೇಸು.

ಕಿಟಕಿಯ ಕೆಳಗಿನ ತೇವಕ್ಕೆ ಪೈಪಿನ ಪರೀಕ್ಷೆ ಮಾಡಿ. ಒಣ ದಿನವೊಂದರಲ್ಲಿ ಹೊರಗಿನಿಂದ ಗಾರ್ಡನ್ ಪೈಪು ಹಿಡಿದು ಮೊದಲು ಕಿಟಕಿಯ ಕೆಳಕಟ್ಟೆಗೆ ಹದಿನೈದು ನಿಮಿಷ ನೀರು ಬಿಡಿ, ಒಳಗೆ ಒಬ್ಬರು ನೋಡುತ್ತಿರಲಿ. ತೇವ ಬರದಿದ್ದರೆ ಚೌಕಟ್ಟಿನ ಸಂದಿಗೆ, ಆಮೇಲೆ ಸಜ್ಜಾ ಗೋಡೆಗೆ ಸೇರುವಲ್ಲಿಗೆ, ಕೊನೆಗೆ ಪ್ಯಾರಾಪೆಟ್ ಗೋಡೆಯ ನೆತ್ತಿಗೆ. ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಇಳಿದು ಏನೂ ತಿಳಿಯುವುದಿಲ್ಲ. ಇಂಥ ಕಡೆ ಬಹಳ ಸಲ ಸಿಕ್ಕಿಬೀಳುವುದು ಸಜ್ಜಾ. ಮೇಲೆ ಮಣ್ಣು ಕೂತು, ಪಾಚಿ ಬೆಳೆದು, ನೀರು ಹೊರಗೆ ಜಾರುವ ಬದಲು ಗೋಡೆಯ ಕಡೆ ನಿಲ್ಲುತ್ತದೆ. ಸಜ್ಜಾದ ಮೇಲ್ಭಾಗಕ್ಕೆ ಹೊರಗಡೆ ವಾಟ, ಅದರ ತುದಿಯ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಒಂದು ಸಣ್ಣ ಕೊರೆ, ಗೋಡೆ ಸೇರುವ ಸಂದಿಗೆ ಲೇಪ. ಗಾರೆಯವರೊಬ್ಬರಿಗೆ ಒಂದು ದಿನದ ಕೆಲಸವಿದು, ಮಳೆಗಾಲದ ನಡುವೆಯೂ ಮಾಡಿಸಬಹುದು.

ಪೇಂಟರ್ ಹೇಳುವ ಬಣ್ಣದ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಆ ಬಣ್ಣಗಳು ಸುಳ್ಳಲ್ಲ. ಹೊರಗೋಡೆಗೆ ಹೊರಗಿನಿಂದ, ಗೋಡೆ ಒಣಗಿರುವಾಗ ಬಳಿದರೆ ಒಳ್ಳೆಯ ರಕ್ಷಣೆ. ಹೊರಗಿನಿಂದ ನೀರು ಬರುತ್ತಿರುವಾಗ ಒಳಗಿನಿಂದ ಬಳಿದರೆ ನೀರು ನಿಲ್ಲುವುದಿಲ್ಲ, ಅದು ಹೊರಬರುವ ಬಾಗಿಲು ಮಾತ್ರ ಮುಚ್ಚುತ್ತದೆ. ಗೋಡೆಯೊಳಗೇ ಉಳಿದ ನೀರು ಪಕ್ಕಕ್ಕೆ, ಮೇಲಕ್ಕೆ ದಾರಿ ಹುಡುಕುತ್ತದೆ. ಹಬ್ಬಕ್ಕೆ ಹೊಳೆಯುವ ಗೋಡೆ ದೀಪಾವಳಿ ಹೊತ್ತಿಗೆ ಇನ್ನೆರಡಡಿ ಮೇಲೆ ಉಬ್ಬಿರುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಒಮ್ಮೆ ಪೂರ್ತಿ ನೆನೆದರೆ, ನೀರು ಬರುವುದು ನಿಂತ ಮೇಲೂ ಒಣಗಲು ತಿಂಗಳುಗಳೇ ಹಿಡಿಯುತ್ತವೆ. ಹೊಸ ಸಿಮೆಂಟ್ ಗಾರೆಯಾದರೂ ನೀರುಣಿಸಿ, ಒಣಗಿ, ಬಣ್ಣಕ್ಕೆ ಸಿದ್ಧವಾಗಲು ಸುಮಾರು ನಾಲ್ಕು ವಾರ. ನಿಮ್ಮ ಬಳಿ ಇರುವುದು ಮೂರು.

ದೇವರಮನೆ ಗೋಡೆಯ ಬುಡ ಸ್ವಲ್ಪ ಹಟಮಾರಿ ಸಮಸ್ಯೆ. ನೆಲದ ತೇವ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಎರಡು ಮೂರು ಅಡಿಯವರೆಗೆ ಏರುತ್ತದೆ, ಬರುವಾಗ ಮಣ್ಣಿನ, ಇಟ್ಟಿಗೆಯ ಲವಣಗಳನ್ನು ಕರಗಿಸಿ ತರುತ್ತದೆ. ನೀರು ಆರಿ ಹೋದರೂ ಉಪ್ಪು ಉಳಿದು ಹರಳುಗಟ್ಟಿ ಬಣ್ಣವನ್ನೂ ಪುಟ್ಟಿಯನ್ನೂ ಒಳಗಿನಿಂದ ತಳ್ಳುತ್ತದೆ. ನೀವು ಕಂಡ ಬಿಳಿ ಪುಡಿ ಅದೇ. ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಅಂಗೈ ಎರಡರಷ್ಟು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಆ ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ ಎರಡು ದಿನ ಬಿಡಿ. ಹನಿ ಗೋಡೆಯ ಕಡೆ ಕೂತಿದ್ದರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆ ಕೂತಿದ್ದರೆ ಗಾಳಿಯಾಡದೆ ಉಂಟಾದ ತೇವ, ಕಿಟಕಿ ತೆಗೆದಿಟ್ಟರೆ ಹೋಗುತ್ತದೆ.

ಗೋಡೆಯೊಳಗಿನದೇ ಆಗಿದ್ದರೆ ಹೊರಗೆ ಹೋಗಿ ನೋಡಿ. ಇಲ್ಲಿ ನನಗೊಂದು ಬಲವಾದ ಅನುಮಾನವಿದೆ. ಇತ್ತೀಚೆಗೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವ ಹುಚ್ಚು. ಹಳೆ ನೆಲದ ಮೇಲೆಯೇ ಮರಳು ಸುರಿದು ಹಾಸುವುದರಿಂದ ಅಂಗಳ ಅರ್ಧ ಅಡಿ ಎತ್ತರವಾಗಿ, ಗೋಡೆಯ ಬುಡ ಹೂತುಹೋಗುತ್ತದೆ. ಅದಿಲ್ಲದಿದ್ದರೆ ಗೋಡೆಗೊರಗಿಸಿ ಮಾಡಿದ ಹೂವಿನ ಪಾತಿ, ದಿನವೂ ಅದಕ್ಕೆ ನೀರು. ಅದೂ ಅಲ್ಲದಿದ್ದರೆ ಸಂಪು. ದೇವರಮನೆ ಸಂಪಿನ ಪಕ್ಕದಲ್ಲಿದ್ದರೆ ಒಳಹರಿವು ನಿಲ್ಲಿಸಿ, ಮೋಟಾರ್ ಹಾಕದೆ ಒಂದು ರಾತ್ರಿ ಮಟ್ಟ ಅಳೆದು ನೋಡಿ. ಕಾರಣ ಹೊರಗಿದ್ದರೆ ಮದ್ದೂ ಹೊರಗೇ. ಪಾತಿಯನ್ನು ಎರಡಡಿ ದೂರ ಸರಿಸಿ, ಗೋಡೆಯ ಬುಡದಿಂದ ನೀರು ಆಚೆ ಹರಿಯುವಂತೆ ಮಾಡಿ.

ಪಕ್ಕದ ಮನೆಯವರ ಇಂಜೆಕ್ಷನ್ ಅಂದರೆ ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು ನೀರು ಹತ್ತದ ರಾಸಾಯನಿಕ ತುಂಬುವುದು. ಸಿಮೆಂಟ್ ಗಾರೆಯ ಗಟ್ಟಿ ಇಟ್ಟಿಗೆ ಗೋಡೆಗೆ, ಕೆಲಸ ಬಲ್ಲವರು ಮಾಡಿದರೆ ಫಲ ಕೊಡುತ್ತದೆ. ಸೈಜುಗಲ್ಲಿನ ಮಣ್ಣುಗಾರೆ ಗೋಡೆಗೆ ಮಾಡಿದರೆ ದ್ರವ ಪೊಳ್ಳುಗಳಲ್ಲಿ ಇಳಿದು ನಷ್ಟ. ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ಇಂಜೆಕ್ಷನ್ ಆದ ಮೇಲೂ ಗೋಡೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಕಲೆಗಿಂತ ಒಂದಡಿ ಮೇಲಿನವರೆಗೆ ಹಳೆ ಗಾರೆ ಕಿತ್ತು ಹೊಸದು ಮಾಡಿಸದಿದ್ದರೆ ದುಡ್ಡು ನೀರಲ್ಲಿ ಹೋಮ. ಈ ಕೆಲಸವನ್ನು ಬೇಸಿಗೆಗೆ ಮುಂದೂಡಿ. ಹೊರಗಿನ ನೀರು ತಪ್ಪಿಸಿದ್ದಕ್ಕೇ ಅಷ್ಟರಲ್ಲಿ ಗೋಡೆ ಒಣಗಿದರೆ ಅದರ ಖರ್ಚೇ ಉಳಿಯಿತು.

ಮಾವನವರಿಗೆ ಹೀಗೆ ಹೇಳಿ. ದೇವರಮನೆ ಗೋಡೆಯ ಬುಡದ ಉಬ್ಬಿದ ಬಣ್ಣ, ಪುಟ್ಟಿ ಪೂರ್ತಿ ಕೆರೆದು, ಒಣ ಬ್ರಷ್ಷಿನಲ್ಲಿ ಉಪ್ಪು ಗುಡಿಸಿ (ತೊಳೆಯಬೇಡಿ, ಉಪ್ಪು ಮತ್ತೆ ಒಳಗೆ ಹೋಗುತ್ತದೆ), ಬರಿ ಗಾರೆಯ ಮೇಲೆ ತೆಳ್ಳಗೆ ಸುಣ್ಣ ಬಳಿಸಿ. ಸುಣ್ಣ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಬೇಕಾದರೆ ಕೆಳಗಿನ ಪಟ್ಟಿಗೆ ಕೆಮ್ಮಣ್ಣು ಬಳಿಯಿರಿ. ಹಳೆ ಪ್ಲಾಸ್ಟಿಕ್ ಬಣ್ಣದ ಮೇಲೆ ಮಾತ್ರ ಸುಣ್ಣ ನಿಲ್ಲುವುದಿಲ್ಲ, ಸಿಪ್ಪೆಯಾಗಿ ಏಳುತ್ತದೆ. ಹಾಲ್, ಅಡುಗೆಮನೆ ಒಣಗಿದ್ದರೆ ಅವಕ್ಕೆ ಧಾರಾಳವಾಗಿ ಬಣ್ಣ ಮಾಡಿಸಿ. ಹಬ್ಬಕ್ಕೆ ಬಂದವರು ಕೂರುವುದು ಹಾಲಿನಲ್ಲಿ ತಾನೇ. ಗೊಂಬೆಯನ್ನೂ ಈ ಸಲ ಅಲ್ಲೇ ಕೂರಿಸಿ. ಪೂರ್ವದ ಕೋಣೆಯೇ ಆಗಬೇಕೆಂದರೆ ಮೆಟ್ಟಿಲನ್ನು ಹೊರಗೋಡೆಯಿಂದ ಅರ್ಧ ಅಡಿ ಈಚೆ ಇಟ್ಟು ಗಾಳಿ ಆಡಲು ಬಿಡಿ. ಮಣ್ಣಿನ ಗೊಂಬೆಗಳ ಬಣ್ಣ ತೇವಕ್ಕೆ ಎದ್ದುಬಿಡುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ, ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸಿದ ವಿಷಯ ಕರೆಂಟು. ಚಾವಣಿಯ ಕಲೆಯ ಹತ್ತಿರ ಫ್ಯಾನು, ಲೈಟಿನ ಪಾಯಿಂಟು ಇದ್ದರೆ ಇವತ್ತೇ ಅದರ ಸರ್ಕ್ಯೂಟ್ ಬಂದ್ ಮಾಡಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬೇಡಿ. ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಸಾಲದು. ಎಂಸಿಬಿ ವೈರು ಸುಡದಂತೆ ಕಾಯುತ್ತದೆ. ಮನುಷ್ಯನಿಗೆ ಶಾಕ್ ಹೊಡೆದಾಗ ಕಡಿತ ಮಾಡುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. 1986ರ ವೈರಿಂಗಿನಲ್ಲಿ ಅದು ಇರುವ ಸಂಭವ ಕಡಿಮೆ. ಒಂದು ಲಕ್ಷದಲ್ಲಿ ಮೊದಲ ಪಾಲು ಅದಕ್ಕೆ, ಜೊತೆಗೆ ಅರ್ಥಿಂಗ್ ಪರೀಕ್ಷೆಗೆ ಇಡಿ. ಕೂರಿಸಿದ ಮೇಲೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ದಸರಾ ದೀಪಾಲಂಕಾರಕ್ಕೆ ಮನೆಯೊಳಗಿನ ಸೀರಿಯಲ್ ಸೆಟ್ಟನ್ನು ಕಬ್ಬಿಣದ ಗೇಟಿಗೆ, ಗ್ರಿಲ್ಲಿಗೆ ಸುತ್ತಬೇಡಿ. ಹೊರಗೆ ಬಳಸಲೆಂದೇ ಮಾಡಿದ್ದನ್ನು ತನ್ನಿ, ಜಾಯಿಂಟು ಮಳೆ ಬೀಳದ ಕಡೆ ಇರಲಿ. ಆಯುಧಪೂಜೆಗೆ ಮೀಟರ್ ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮ ಇಡುವವರೂ ಇದ್ದಾರೆ, ಒಣಬಟ್ಟೆ ಸಾಕು.

ಉಳಿದವು ಚಿಕ್ಕವು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ, ಮೊಟ್ಟೆಯಿಂದ ರೆಕ್ಕೆ ಬಲಿಯಲು ವಾರ ಹತ್ತು ದಿನ ಸಾಕು. ಸಂಪಿನ ಮುಚ್ಚಳದ ಸಂದು, ಸಜ್ಜಾ, ಹೂಕುಂಡದ ತಟ್ಟೆ, ಬೋರಲು ಹಾಕದೆ ಬಿಟ್ಟ ಎಳನೀರಿನ ಬುರುಡೆ ಇವನ್ನು ವಾರಕ್ಕೊಮ್ಮೆ ನೋಡಿ. ಮೊಟ್ಟೆ ಅಂಚಿಗೆ ಅಂಟಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಿ ತೊಳೆಯಬೇಕು. ಮರದ ಬಾಗಿಲು ಬಿಗಿಯಾಗಿದ್ದರೆ ಈಗ ಉಜ್ಜುಗೊರಡು ಹಾಕಿಸಬೇಡಿ. ತೇವಕ್ಕೆ ಉಬ್ಬಿದ ಮರ ಜನವರಿಗೆ ಕುಗ್ಗುತ್ತದೆ, ಆಗ ಬೆರಳು ತೂರುವ ಸಂದು ಉಳಿಯುತ್ತದೆ. ಅಂಚಿಗೆ ಮೇಣ ಉಜ್ಜಿ ಕಾಲ ತಳ್ಳಿ.

ಮಂಡ್ಯದ ಅಮ್ಮನ ಮನೆ. ನಾಲೆಯ ಬಯಲಿನಲ್ಲಿದ್ದರೆ ಅಲ್ಲಿನ ಬುಡದ ತೇವಕ್ಕೆ ಮಳೆಯೊಂದೇ ಕಾರಣವಲ್ಲ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಗದ್ದೆಗಳು ತುಂಬಿದಾಗ ಅಂತರ್ಜಲ ಮೇಲೇರುತ್ತದೆ, ಮಳೆ ಬಾರದ ವಾರದಲ್ಲೂ ಗೋಡೆ ಒದ್ದೆಯಾಗಿರುವುದು ಅದಕ್ಕೇ. ಚೌಳು ನೆಲವಾದರೆ ಉಪ್ಪಿನ ಕಾಟ ಇನ್ನೂ ಜಾಸ್ತಿ. ಹಳೆಯ ಸುಣ್ಣದ ಗಾರೆ, ಮಣ್ಣಿನ ಗೋಡೆಗೆ ಯಾರಾದರೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಎಂದರೆ ಒಪ್ಪಬೇಡಿ. ಸಿಮೆಂಟು ತೇವವನ್ನು ಒಳಗೇ ಕಟ್ಟಿಹಾಕಿ ಗೋಡೆಯ ತಿರುಳನ್ನು ಮೆತ್ತಗೆ ಮಾಡುತ್ತದೆ. ಈಗಾಗಲೇ ಬುಡಕ್ಕೆ ಸಿಮೆಂಟ್ ಬಳಿದಿದ್ದರೆ ಬೇಸಿಗೆಯಲ್ಲಿ ಕಿತ್ತು ಸುಣ್ಣದ ಗಾರೆಯನ್ನೇ ಮಾಡಿಸಿ. ಸದ್ಯಕ್ಕೆ ಹೆಂಚಿನ ಕಡೆ ಗಮನ ಕೊಡಿ. ಹಗಲಿನಲ್ಲಿ ಅಟ್ಟದೊಳಗೆ ನಿಂತು ಮೇಲೆ ನೋಡಿದರೆ ಬೆಳಕು ತೂರುವ ಕಡೆಯೆಲ್ಲ ನೀರೂ ತೂರುತ್ತದೆ. ಒಡೆದ ಹೆಂಚಿಗೆ ಸಿಮೆಂಟ್ ಮೆತ್ತಿಸದೆ ಅದೇ ಅಳತೆಯ ಹಳೆ ಹೆಂಚು ಹುಡುಕಿ ಬದಲಿಸಿ, ಕಂಪನಿಗೊಂದು ಅಚ್ಚು ಇರುವುದರಿಂದ ಬೇರೆಯದು ಸರಿಯಾಗಿ ಕೂರುವುದಿಲ್ಲ. ಎರಡು ಮಾಡು ಕೂಡುವ ಕಡೆಯ ತಗಡಿನ ದೋಣಿಯಲ್ಲಿ ಎಲೆ ತುಂಬಿದ್ದರೆ ತೆಗೆಸಿ. ಮನೆಯ ಮೇಲೆ ಬಾಗಿದ ತೆಂಗಿನ ಒಣ ಗರಿ, ಕಾಯಿಗಳನ್ನು ಹಸ್ತ ಮಳೆಗೆ ಮುಂಚೆ ಇಳಿಸಿಬಿಡಿ. ಹೆಂಚು ಹತ್ತಲು ಗಾರೆಯವರನ್ನು ಕರೆಯದೆ ಹೆಂಚು ಹೊದಿಸುವವರನ್ನೇ ಕರೆಸಿ. ಕಾಲಿಡುವ ಜಾಗ ಗೊತ್ತಿಲ್ಲದವರು ಹತ್ತಿದರೆ ಒಂದು ಹೆಂಚು ಬದಲಿಸುವಷ್ಟರಲ್ಲಿ ನಾಲ್ಕು ಒಡೆದಿರುತ್ತಾರೆ.